ಕೈಗೆ ಬಂದ ಹಣ

ಮುಳಗುಂದದ ಸುತ್ತಲಿನ ನೆಲ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಮತ್ತು ಕಡಲೆ, ಅವುಗಳೊಡನೆ ಹತ್ತಿ, ಮೆಣಸಿನಕಾಯಿ. ಇವೇ ಇಲ್ಲಿಯ ರೈತನ ಜೀವನಾಧಾರ. ಮಾಲು ಗದಗಿನ ಪೇಟೆಗೆ ಹೋಗಿ ಹಣ ಕೈಗೆ ಬಂದು, ಸಾಲ, ಬೀಜ, ಗೊಬ್ಬರಗಳ ಲೆಕ್ಕ ತೀರಿದ ಮೇಲೆ ಏನಾದರೂ ಉಳಿದರೆ ಮನೆಯಲ್ಲಿ ಚರ್ಚೆ ಏಳುತ್ತದೆ. ಮಗನಿಗೆ ಹೊಸ ಮೊಬೈಲು ಬೇಕು. ಅಜ್ಜಿಗೆ ಮನೆಮಂದಿಯೆಲ್ಲ ಕೂಡಿ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿಬರುವ ಆಸೆ. ಇವರಲ್ಲಿ ಯಾರ ಮಾತು ಸರಿ?

ಈ ಪ್ರಶ್ನೆಯನ್ನು ವಿದ್ವಾಂಸರೂ ವಿಚಾರಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ ಅವರು 2003ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ವಸ್ತುವಿಗೆ ಮಾಡಿದ ವೆಚ್ಚಕ್ಕಿಂತ ಅನುಭವಕ್ಕೆ ಮಾಡಿದ ವೆಚ್ಚವೇ ಹೆಚ್ಚು ಸಂತೋಷ ಕೊಟ್ಟಿತೆಂದು ಅದರಲ್ಲಿ ಬಹುಪಾಲು ಜನರು ಹೇಳಿದ್ದರು. ಇದರ ಕಾರಣ ತಿಳಿಯುವುದು ಕಷ್ಟವಲ್ಲ. ಹೊಸ ವಸ್ತುವಿಗೆ ಕಣ್ಣು ಬೇಗ ಒಗ್ಗಿಹೋಗುತ್ತದೆ. ನೆರೆಮನೆಯವನು ಅದಕ್ಕಿಂತ ಒಳ್ಳೆಯದನ್ನು ತಂದ ದಿನ ನಿನ್ನೆಯ ಹೆಮ್ಮೆ ಇಂದಿನ ಕೊರಗಾಗುತ್ತದೆ. ಜಾತ್ರೆ ಹಾಗಲ್ಲ. ಬನಶಂಕರಿಯಲ್ಲಿ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು ಬೀಡುಬಿಟ್ಟಿರುತ್ತವೆ. ನಿದ್ದೆಗೆಟ್ಟು ನೋಡಿದ ನಾಟಕ, ಹರಿದ್ರಾತೀರ್ಥದ ದಂಡೆಯಲ್ಲಿ ಬಿಚ್ಚಿದ ರೊಟ್ಟಿಯ ಗಂಟು, ಜನಜಂಗುಳಿಯಲ್ಲಿ ಕೈತಪ್ಪಿದ ಹುಡುಗನನ್ನು ಹುಡುಕುವಾಗಿನ ಗಾಬರಿ, ಇವೆಲ್ಲ ವರ್ಷಗಳು ಕಳೆದರೂ ಕಟ್ಟೆಯ ಮೇಲಿನ ಮಾತಾಗುತ್ತವೆ. ಅಂದು ಪಟ್ಟ ಪಾಡು ಇಂದು ಹೇಳುವಾಗ ನಗೆ ತರಿಸುತ್ತದೆ.

ಹಣವು ಸಂತೋಷವನ್ನು ತರುವಂತೆ ಮನಸ್ಸಿನ ಸ್ಥಿತಿಯೂ ಹಣದ ಗಂಟನ್ನು ಬಿಚ್ಚಿಸುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದುಃಖದ ಚಿತ್ರವನ್ನು ನೋಡಿದವರು, ಒಂದು ನೀರಿನ ಬಾಟಲಿಗೆ ಇತರರಿಗಿಂತ ಹೆಚ್ಚು ಬೆಲೆ ಕೊಡಲು ಒಪ್ಪಿದರು. ಬೇಸರ ಕಳೆಯಲು ಅಂಗಡಿಗೆ ಹೋಗುವವರು ಇದನ್ನು ನೆನೆಯುವುದು ಒಳ್ಳೆಯದು.

ಆದರೂ ಅಜ್ಜಿಯ ಪಕ್ಷವೇ ಗೆದ್ದಿತೆಂದು ಅವಸರದಿಂದ ತೀರ್ಮಾನಿಸಬಾರದು. ಅನುಭವದಿಂದ ಹೆಚ್ಚು ಸಂತೋಷವೆಂಬುದು ಅನುಕೂಲಸ್ಥರ ವಿಷಯದಲ್ಲಿ ನಿಜ, ಕೈ ಬಿಗಿಯಾಗಿರುವವರಿಗೆ ವಸ್ತುವೂ ಅಷ್ಟೇ ಸಂತೋಷವನ್ನು, ಕೆಲವೊಮ್ಮೆ ಅದಕ್ಕೂ ಮಿಗಿಲಾದುದನ್ನು ಕೊಡುತ್ತದೆ ಎಂದು 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ತಿಳಿಸಿತು. ಮಣ್ಣಿನ ಮಾಳಿಗೆ ಸೋರುವ ಮನೆಗೆ ಭದ್ರವಾದ ಸೂರು ಬರಿಯ ವಸ್ತುವಲ್ಲ. ಅದು ಮಳೆಗಾಲದ ನಿದ್ದೆ. ಕರೆಯುವ ಎಮ್ಮೆ, ಹೊಲಿಗೆಯಂತ್ರ, ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲು ಇವೂ ಹಾಗೆಯೇ. ವಸ್ತುವಿನ ಮೋಹ ಬಿಡೆಂದು ಬಡವನಿಗೆ ಬೋಧಿಸುವುದು ಹೊಟ್ಟೆ ತುಂಬಿದವರ ಮಾತು.

ನಯಸೇನನು ಇದೇ ಮುಳಗುಂದದಲ್ಲಿ 1112ರ ಸುಮಾರಿಗೆ 'ಧರ್ಮಾಮೃತ'ವನ್ನು ರಚಿಸಿದನು. ಜೈನಧರ್ಮದ ವ್ರತಗಳನ್ನು ಕಥೆಗಳ ಮೂಲಕ ಜನಸಾಮಾನ್ಯರಿಗೆ ತಿಳಿಸಿದ ಕೃತಿ ಅದು. ಆ ವ್ರತಗಳಲ್ಲಿ ಅಪರಿಗ್ರಹವೂ ಒಂದು. ಮುನಿಗಳು ಎಲ್ಲವನ್ನೂ ತೊರೆಯಬೇಕು; ಗೃಹಸ್ಥನಾದರೋ ತನಗೆ ಇಷ್ಟು ಸಾಕೆಂದು ತಾನೇ ಮಿತಿ ಹಾಕಿಕೊಂಡರೆ ಸಾಕು. ಸಂಸಾರದ ಕಷ್ಟವನ್ನು ಅರಿತವರು ಮಾಡಿದ ಏರ್ಪಾಡು ಇದು. ಆ ಮಿತಿಯ ಗೆರೆಯನ್ನು ನೆರೆಮನೆಯವರಾಗಲಿ ಅಂಗಡಿಕಾರರಾಗಲಿ ಎಳೆಯಲಾರರು.

ಮುಳಗುಂದದ ಆ ಮನೆಯ ಮಾಳಿಗೆ ಸೋರುತ್ತಿದ್ದರೆ ಮೊದಲು ಅದರ ದುರಸ್ತಿಯಾಗಲಿ. ಸೋರದಿದ್ದರೆ, ಹಳೆಯ ಮೊಬೈಲು ಇನ್ನೂ ಮಾತಾಡುತ್ತಿದ್ದರೆ, ಈ ವರ್ಷ ಅಜ್ಜಿಯ ಮಾತೇ ನಡೆಯಲಿ. ಮೊಬೈಲು ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಅಜ್ಜಿಯ ಮೊಣಕಾಲುಗಳು ಇನ್ನೊಂದು ಬನದ ಹುಣ್ಣಿಮೆಯವರೆಗೆ ಕಾಯಲಾರವು.