ಬ್ಯಾಡ ಅನ್ನೋಕಿಂತ ಮೊದಲ

ಎರಡೂ ಕಾಲಿಲ್ಲದವರು ಎವರೆಸ್ಟ್ ಹತ್ತಿದ್ರು ಅಂದ್ರ ನಮ್ಮ ಹೆಣ್ಣಮಕ್ಕಳ ಬಾಯಾಗ ಮೊದಲ ಬರೋ ಮಾತು, "ಯಾಕ ಬೇಕಾಗಿತ್ತವಾ ಅವರಿಗೆ? ಸುಮ್ನ ಮನ್ಯಾಗ ಇರೋದು ಬಿಟ್ಟು!" ಈ ಮಾತು ನನಗ ಸರಿ ಅನಸಂಗಿಲ್ಲ.

ಚೀನಾದ ಶಿಯಾ ಬೋಯು ಅವರ ಕಥಿ ಕೇಳ್ರಿ. 1975ರಾಗ ಎವರೆಸ್ಟ್ ಹತ್ತಲಿಕ್ಕೆ ಹೋದಾಗ ಜೋಡಿದ್ದವರೊಬ್ಬರಿಗೆ ಆರಾಮಿಲ್ಲಂತ ತಮ್ಮ ಸ್ಲೀಪಿಂಗ್ ಬ್ಯಾಗ್ ಕೊಟ್ಟುಬಿಟ್ರು. ಥಂಡಿ ಅತೀ ಆದ್ರ ಬೆರಳಿಗೆ, ಪಾದಕ್ಕ ರಕ್ತ ಹೋಗೋದು ಕಡಿಮಿ ಆಗಿ ಮಾಂಸ ಹೆಪ್ಪುಗಟ್ಟಿ ಸಾಯ್ತದ. ಅವರ ಎರಡೂ ಪಾದಾ ಹಂಗ ಹೋದ್ವು. 1996ರಾಗ ಕ್ಯಾನ್ಸರ್ ಬಂದು ಮೊಣಕಾಲ ಕೆಳಗಿಂದೂ ತಗೀಬೇಕಾತು.

ಆದ್ರೂ ಕೃತಕ ಕಾಲು ಕಟಗೊಂಡು ಮತ್ತ ಹೊಂಟ್ರು. 2014ರಾಗ ಹಿಮ ಕುಸೀತು, 2015ರಾಗ ಭೂಕಂಪ ಆತು, 2016ರಾಗ ತುದಿ ಕಾಣೋಷ್ಟು ಹತ್ರ ಹೋಗಿ ಬಿರುಗಾಳಿಗೆ ತಿರುಗಿ ಬಂದ್ರು. 2017ರ ಡಿಸೆಂಬರದಾಗ ನೇಪಾಳ ಸರಕಾರ, ಎರಡೂ ಕಾಲಿಲ್ಲದವರು, ಕಣ್ಣು ಕಾಣದವರು ಹತ್ತೋಹಂಗಿಲ್ಲ ಅಂತ ನಿಯಮಾ ಮಾಡ್ತು. ಅಲ್ಲಿಯ ಸುಪ್ರೀಂ ಕೋರ್ಟ್ ಅದನ್ನ ತಡೀತು. 2018ರ ಮೇ 14ಕ್ಕ, 69ನೇ ವಯಸ್ಸಿನಾಗ, ಶಿಯಾ ತುದಿ ಮುಟ್ಟಿದ್ರು.

ಸರಕಾರದ ಕಾಳಜಿ ಸುಳ್ಳಲ್ಲ ಬಿಡ್ರಿ. ಕೃತಕ ಕಾಲಿಗೆ ಥಂಡಿ ತಿಳಿಯಂಗಿಲ್ಲ ಖರೆ, ಆದ್ರ ಅದರೊಳಗಿನ ಮೋಟುಗಾಲಿಗೆ ತಿಳೀತದ. ನ್ಯೂಜಿಲೆಂಡಿನ ಮಾರ್ಕ್ ಇಂಗ್ಲಿಸ್, 1982ರಾಗ ಹಿಮದ ಗುಹೆಯೊಳಗ ಸಿಕ್ಕೊಂಡು ಎರಡೂ ಕಾಲು ಕಳಕೊಂಡವರು. 2006ರಾಗ ಎವರೆಸ್ಟ್ ಹತ್ತೋಮುಂದ ಅವರ ಕೃತಕ ಕಾಲು ಮುರೀತು, ಟೇಪ್ ಸುತ್ತಿ ರಿಪೇರಿ ಮಾಡಕೊಂಡ್ರು. ತುದಿ ಮುಟ್ಟಿ ಬಂದ ಮ್ಯಾಲೆ ಕೈಬೆರಳಿನ ತುದಿ ಹೋದ್ವು, ಮೋಟುಗಾಲಿಂದೂ ಇನ್ನಷ್ಟು ಕೊಯ್ಸಬೇಕಾತು. ಜೋಡಿ ಹೋಗೋ ಶೆರ್ಪಾಗಳ ಜೀವಾನೂ ಅಷ್ಟೇ ದೊಡ್ಡದು. ಅದಕ್ಕ ಪರೀಕ್ಷಾ ಇರಲಿ, ತಯಾರಿ ನೋಡಲಿ. ಆದ್ರ ಎಲ್ಲಾರಿಗೂ ಒಂದೇ ಪರೀಕ್ಷಾ ಇರಲಿ. ಎರಡು ಕಾಲಿದ್ದವರೂ ಅಲ್ಲೆ ಸಾಯ್ತಾರಲ್ಲಾ?

ನೇಪಾಳದ ಮಾತು ಯಾಕ, ನಮ್ಮ ಮನ್ಯಾಗೂ ಇಂಥಾ ನಿಯಮಾ ಅವ. ಮೊಣಕಾಲು ಆಪರೇಶನ್ ಆದ ಅತ್ತಿಗೆ "ನೀವು ಮಾಳಗಿ ಹತ್ತಬ್ಯಾಡ್ರಿ", ಕಣ್ಣು ಮಂಜಾದ ಅಜ್ಜಿಗೆ "ನೀ ಒಲಿ ಮುಂದ ಬರಬ್ಯಾಡ". ಪ್ರೀತಿಲೇ ಅಂತೀವಿ. ಆದ್ರ ಹಿಂಗ ಒಂದೊಂದs ಕಸಗೋತ ಹೋದ್ರ ಅವರಿಗೆ ಉಳಿಯೋದು ಖುರ್ಚಿ ಮತ್ತ ಟೀವಿ ಅಷ್ಟ.

ಬ್ಯಾಡ ಅನ್ನೋಕಿಂತ ಮೊದಲ "ಹೆಂಗ ಮಾಡ್ತೀರಿ? ನಾ ಎಲ್ಲೆ ಕೈ ಹಿಡೀಲಿ?" ಅಂತ ಕೇಳೋಣು. ನೀವೇನಂತೀರಿ?