ಸಫಾರಿಯ ಹಣ ಯಾರ ಕೋವಿಗೆ?

ಆಫ್ರಿಕಾದ ಖಾಸಗಿ ಅಭಯಾರಣ್ಯಗಳ ಪ್ರವಾಸವು ಅನುಕೂಲಸ್ಥ ಜೈನ ಕುಟುಂಬಗಳನ್ನೂ ಸೆಳೆಯುತ್ತಿದೆ. ಅಲ್ಲಿ ಶುದ್ಧ ಸಸ್ಯಾಹಾರ ದೊರೆಯುವುದೇ ಎಂದು ಹತ್ತು ಬಾರಿ ವಿಚಾರಿಸುವ ನಾವು, ಆ ಕಾಡಿನಲ್ಲಿ ಬೇಟೆ ನಡೆಯುವುದೇ ಎಂದು ಒಮ್ಮೆಯಾದರೂ ವಿಚಾರಿಸುವೆವೇ?

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೂ ನೆರೆಯ ಟಿಂಬಾವಟಿ ಖಾಸಗಿ ಅರಣ್ಯಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆಯಲಾಯಿತು. ಉದ್ಯಾನದಲ್ಲಿ ಬೇಟೆ ನಿಷಿದ್ಧ. ಟಿಂಬಾವಟಿಯಲ್ಲಿ ಹಣ ತೆತ್ತವರಿಗೆ ಬೇಟೆಯ ಅನುಮತಿ ದೊರೆಯುತ್ತ ಬಂದಿದೆ. ಗೆರೆ ದಾಟಿದ ಮೃಗಕ್ಕೆ ಈ ಭೇದ ತಿಳಿಯುವುದೆಂತು?

ಬೇಟೆಯ ಆದಾಯದಿಂದಲೇ ಕಾಡು ಉಳಿಯುತ್ತದೆಂಬುದು ಅದನ್ನು ಸಮರ್ಥಿಸುವವರ ವಾದ. ಆ ಹಣ ಕಾವಲಿಗೆ ಸಲ್ಲುವುದು ನಿಜವೇ ಇರಲಿ. ಗೃಹಸ್ಥನು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾರನು. ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕು. ಗೋಡೆಯ ಮೇಲೆ ತಲೆಯನ್ನು ತೂಗುಹಾಕಲು ಪ್ರಾಣಿಯನ್ನು ಕೊಲ್ಲುವುದು ಸಂಕಲ್ಪೀ ಹಿಂಸೆಯಲ್ಲದೆ ಮತ್ತೇನು? ಕೃತ, ಕಾರಿತ, ಅನುಮೋದನೆ ಮೂರೂ ದೋಷವೆಂದ ಮೇಲೆ, ಅರಿತೂ ಅಲ್ಲಿಗೆ ಹಣ ತೆರುವುದು ಅನುಮೋದನೆಯೇ ಸರಿ.

ನಮ್ಮ ಲಕ್ಷ್ಮೇಶ್ವರದ ಪ್ರಾಚೀನ ನಾಮ ಹುಲಿಗೆರೆ. ಇಂದು ಹುಲಿ ಹೆಸರಿನಲ್ಲಷ್ಟೇ ಉಳಿದಿದೆ. ಆದರೆ ನೆರೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲೂ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅದನ್ನು ಕಾಯಲು ಬೇಟೆಗಾರನ ಹಣ ಬೇಕಾಗಲಿಲ್ಲ.

ಆಫ್ರಿಕಾಕ್ಕೆ ಹೋಗಬೇಡಿರೆಂದಲ್ಲ, ನೋಡುವವರ ಹಣದಿಂದಲೇ ನಡೆಯುವ ಅರಣ್ಯಗಳೂ ಅಲ್ಲಿವೆ. ಮುಂಗಡ ತೆರುವ ಮುನ್ನ ಬೇಟೆಯಿಲ್ಲವೆಂಬ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಯಾತ್ರೆಗಳನ್ನು ಏರ್ಪಡಿಸುವ ಬಸದಿಯ ಟ್ರಸ್ಟುಗಳು ಇದನ್ನು ನಿಯಮವಾಗಿಯೇ ಅಂಗೀಕರಿಸಲಿ. ತಟ್ಟೆಯಲ್ಲಿ ಪಾಲಿಸುವ ಅಹಿಂಸೆ ಟಿಕೀಟಿನಲ್ಲಿ ತಪ್ಪಬಾರದು.