ಪಂಪಿಗೆ ರೊಕ್ಕ ಕೊಡ್ತೀವಿ, ಕೈಗೆಲಸಕ್ಕೆ ಕೊಡೋದಿಲ್ಲ

ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪ್ ಎಣ್ಣೆ ಸೋರಲಿಕ್ಕೆ ಹತ್ತಿತು ಅಂದ್ರೆ 'ಪಂಪ್ ಹೋತು, ಹೊಸಾದು ತರ್ರಿ' ಅನ್ನೋದು ನಮ್ಮ ಕಡೆ ರೂಢಿ ಆಗಿಬಿಟ್ಟಿದೆ. ಖಾನಾಪುರ ತಾಲೂಕು ಅಂದ ಕೂಡಲೇ ಜನ ಕಾಡು, ಮಳೆ, ಭತ್ತ ಅಂತಾರೆ. ಆದರೆ ಇಟಗಿ, ಪಾರಿಶ್ವಾಡ ಕಡೆ ಬಂದರೆ ನಮ್ಮದೆಲ್ಲ ಮಳೆ ನಂಬಿದ ಬೇಸಾಯ. ಸೋಯಾ, ಜೋಳ, ಹತ್ತಿ. ಮನೆ ಮುಂದೆ ನಿಂತಿರೋದು ಎರಡನೇ ಕೈಯ, ಮೂರನೇ ಕೈಯ ಟ್ರ್ಯಾಕ್ಟರು. ಮಿರಗದ ಮಳೆ ಬಿದ್ದು ಹದ ಬಂದಾಗ ಲಿಫ್ಟ್ ಏಳದೆ ಕೂತರೆ ಕೂರಿಗೆ ಎತ್ತೋದು ಹೇಗೆ? ಹದ ನಾಲ್ಕು ದಿನದ್ದು. ಆ ಗಡಿಬಿಡಿಯಲ್ಲಿ ಪಂಪ್ ಬಿಚ್ಚಿ ನೋಡೋ ವ್ಯವಧಾನ ಯಾರಿಗೂ ಇರೋದಿಲ್ಲ. ಕೈಗಡ ತಂದು ಹೊಸದು ಹಾಕಿಸ್ತಾರೆ.

ಸೋರೋ ಪಂಪ್ ಅಂದರೆ ಸತ್ತ ಪಂಪ್ ಅಲ್ಲ. ಇದು ನನ್ನ ಮಾತಿನ ಮೊದಲ ಅರ್ಧ. ಉಳಿದ ಅರ್ಧ ಆಮೇಲೆ ಹೇಳ್ತೀನಿ, ಅದು ನಮ್ಮ ಜನಕ್ಕೆ ಅಷ್ಟು ರುಚಿಸಲಿಕ್ಕಿಲ್ಲ.

ಮ್ಯಾಸ್ಸಿ 1035ರಂಥ ಗಾಡಿಯಲ್ಲಿ ಪಂಪ್ ಹಿಂದಿನ ಹೌಸಿಂಗಿನ ಒಳಗೆ ಎಣ್ಣೆಯಲ್ಲೇ ಮುಳುಗಿರುತ್ತದೆ. ಅದು ಸೋರಿದರೆ ನೆಲಕ್ಕೆ ಬೀಳೋದಿಲ್ಲ. ಅದರ ಮಾತು ಬೇರೆ. ನಾನು ಬರೀತಿರೋದು ಇಂಜಿನ್ನಿಗೆ ಬೋಲ್ಟ್ ಹಾಕಿ ಕೂಡಿಸಿದ ಗೇರ್ ಪಂಪಿನ ಬಗ್ಗೆ. ಅದರೊಳಗೆ ಇರೋದು ಒಂದಕ್ಕೊಂದು ಹಲ್ಲು ಕಚ್ಚಿದ ಎರಡು ಗೇರು. ಅವು ತಿರುಗಿ ಒಂದು ಕಡೆಯಿಂದ ಎಣ್ಣೆ ಎಳೆದು ಇನ್ನೊಂದು ಕಡೆ ನೂಕತಾವು, ಅಷ್ಟೇ. ಶಾಫ್ಟ್ ಹೊರಗೆ ಬರೋ ತೂತಿಗೆ ಒಂದು ಆಯಿಲ್ ಸೀಲ್, ಮುಚ್ಚಳದ ಸಂದಿಗೆ ಓ-ರಿಂಗ್. ಬಿಸಿಲು, ಬಿಸಿ ಎಣ್ಣೆ, ವರ್ಷದಲ್ಲಿ ಆರು ತಿಂಗಳು ಸುಮ್ಮನೆ ನಿಲ್ಲೋದು, ಇವುಗಳಿಂದ ರಬ್ಬರು ಕಟ್ಟಿಗೆ ಹಾಂಗ ಬಿರುಸಾಗತದ. ಕಬ್ಬಿಣದ ಗೇರು ಚಲೋ ಇದ್ದಾಗಲೇ ರಬ್ಬರು ಕೈಬಿಟ್ಟಿರುತ್ತದೆ.

ಮೊದಲು ಸೋರೋದು ಎಲ್ಲಿಂದ ಅಂತ ನೋಡಬೇಕು. ಪಂಪನ್ನು ಡೀಸೆಲ್ಲಿನಿಂದ ತೊಳೆದು, ಅರಿವೆಯಿಂದ ಒರೆಸಿ, ಹತ್ತು ನಿಮಿಷ ಗಾಡಿ ಚಾಲೂ ಇಟ್ಟು ನೋಡಿದರೆ ಹಸಿ ಮೂಡೋ ಜಾಗ ಕಾಣತದ. ಪೈಪಿನ ಬುಡದಲ್ಲಿ ಇದ್ದರೆ ವಾಯ್ಸರ್ ಇಲ್ಲವೇ ನಟ್ಟಿನ ಕೆಲಸ. ಮುಚ್ಚಳದ ಸಂದಿಯಲ್ಲಿ ಇದ್ದರೆ ಓ-ರಿಂಗ್. ಎಲ್ಲೂ ಹಸಿ ಇಲ್ಲ, ಆದರೆ ಹೈಡ್ರಾಲಿಕ್ ಎಣ್ಣೆ ಕಡಿಮೆ ಆಗ್ತಾ ಹೋಗುತ್ತಿದೆ ಅಂದರೆ ಇಂಜಿನ್ನಿನ ಆಯಿಲ್ ಕಡ್ಡಿ ತೆಗೆದು ನೋಡಿ. ಅಲ್ಲಿ ಮಟ್ಟ ಏರಿದ್ದರೆ ಶಾಫ್ಟಿನ ಸೀಲ್ ಹೋಗಿ ಎಣ್ಣೆ ಇಂಜಿನ್ನಿನ ಒಳಗೆ ಇಳೀತಿದೆ ಅಂತ ಸಂಶಯ ಪಡಬೇಕು. ಇನ್ನೊಂದು ತರಹದ ಸೋರಿಕೆಯೂ ಇದೆ. ಎಣ್ಣೆ ಎಳೆಯೋ ಪೈಪು ಸಡಿಲಾದರೆ ಅಲ್ಲಿಂದ ಗಾಳಿ ಒಳಗೆ ಹೋಗತದ. ಪಂಪ್ ಕುಂಯ್ ಅಂತ ಕೂಗತದ, ಎಣ್ಣೆಯಲ್ಲಿ ನೊರೆ ಬರತದ, ಲಿಫ್ಟ್ ಜರ್ಕ್ ಹೊಡೀತದ. ಒಂದು ಕ್ಲಾಂಪ್ ಬಿಗಿ ಮಾಡೋ ಕೆಲಸಕ್ಕೆ ಪಂಪ್ ಬದಲಿ ಮಾಡಿದವರನ್ನು ನಾನು ಬಲ್ಲೆ.

ಹೋದ ವರ್ಷ ನಮ್ಮ ಗಾಡಿಯ ಆಯಿಲ್ ಕಡ್ಡಿ ಏರಿತ್ತು. ಬೆಳಗಾವಿಯ ಒಂದು ಅಂಗಡಿಯಲ್ಲಿ ಪಂಪನ್ನು ಕೈಯಲ್ಲಿ ಹಿಡಿಯದೇ 'ಅದರ ಸೀಲ್ ಬೇರೆ ಸಿಗೋದಿಲ್ಲ, ಇಡೀ ಪಂಪೇ ತಗೋಬೇಕು' ಅಂದರು. ಖಾನಾಪುರದ ನಮ್ಮ ಪರಿಚಯದ ಮಿಸ್ತ್ರಿ ಬಿಚ್ಚಿದಾಗ ಗೇರು, ಮನೆ ಎರಡೂ ನಯ ಇದ್ದವು. ಸೀಲಿನ ತುಟಿ ಸೀಳಿತ್ತು. ಸೀಲಿನ ಮುಖದ ಮೇಲೆ ಮೂರು ಅಂಕಿ ಇರತಾವು ನೋಡ್ರಿ, 25-42-7 ಅನ್ನೋ ಹಾಂಗ. ಶಾಫ್ಟಿನ ದಪ್ಪ, ಸೀಲಿನ ಹೊರ ಅಳತೆ, ಸೀಲಿನ ಗಾತ್ರ, ಎಲ್ಲ ಮಿಲಿಮೀಟರಿನಲ್ಲಿ. ಆ ಅಂಕಿ ಹೇಳಿದರೆ ಟ್ರ್ಯಾಕ್ಟರ್ ಅಂಗಡಿಗೇ ಹೋಗಬೇಕಂತಿಲ್ಲ. ಬೇರಿಂಗು, ಸೀಲು ಮಾರೋ ಅಂಗಡಿಯಲ್ಲಿ ಸಿಗತದ. ಸೀಲು, ಓ-ರಿಂಗು ಎಲ್ಲ ಸೇರಿ ಒಂದು ಡಿಎಪಿ ಚೀಲದ ರೊಕ್ಕವೂ ಆಗಲಿಲ್ಲ.

ಸೀಲ್ ಹಾಕೋದರಲ್ಲೂ ರೀತಿ ಇದೆ. ಒಳಗೆ ಸಣ್ಣ ಸ್ಪ್ರಿಂಗ್ ಇರೋ ಬದಿ ಎಣ್ಣೆಯ ಕಡೆಗೆ ಬರಬೇಕು. ತುಟಿಗೆ ಎಣ್ಣೆ ಸವರದೆ ಒಣದು ಹಾಕಿದರೆ ಮೊದಲ ದಿನವೇ ಸುಡತದ. ಶಾಫ್ಟಿನ ಮೇಲೆ ಹಳೆ ಸೀಲ್ ಉಜ್ಜಿ ಗೆರೆ ಬಿದ್ದಿದ್ದರೆ ಹೊಸ ಸೀಲ್ ಸಹ ಅಲ್ಲೇ ಸೋರತದ. ಮನೆಯಲ್ಲಿ ಜಾಗ ಇದ್ದರೆ ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬೇಕು. ರಬ್ಬರಿನ ಜಾತಿಯನ್ನೂ ಕೇಳಬೇಕು. ಈ ಎಣ್ಣೆಗೆ ನೈಟ್ರೈಲ್ ರಬ್ಬರು. ಹಳೆ ಜೀಪು, ಅಂಬಾಸಿಡರ್ ಕಾರಿನ ಬ್ರೇಕಿನ ಮಾಸ್ಟರ್ ಸಿಲಿಂಡರಿನ ರಬ್ಬರು ಬೇರೆ ಜಾತಿಯದು, ಅದಕ್ಕೆ ಬ್ರೇಕ್ ಆಯಿಲ್ಲೇ ಬೇಕು. ಬ್ರೇಕಿಗೆ ಹೈಡ್ರಾಲಿಕ್ ಎಣ್ಣೆ ಹಾಕಿದರೆ ರಬ್ಬರು ಉಬ್ಬಿ ಬ್ರೇಕೇ ಹಿಡಿಯೋದಿಲ್ಲ. ಘಾಟಿನಲ್ಲಿ ಚೋರ್ಲಾ ಕಡೆ ಇಳಿಯೋ ಗಾಡಿಯಾಗಿದ್ದರೆ ಗತಿ ಏನು?

ಎಲ್ಲ ಪಂಪೂ ಸೀಲಿನಿಂದ ಬದುಕತಾವು ಅಂತ ನಾನು ಹೇಳೋದಿಲ್ಲ. ಗೇರು ತಿರುಗೋ ಮನೆಯಲ್ಲಿ ಉಗುರು ಆಡಿಸಿದಾಗ ಗೀರು ತಟ್ಟಿದರೆ, ಬುಶ್ ಸಡಿಲಾಗಿದ್ದರೆ, ಮುಂಜಾನೆ ತಂಪಿನಲ್ಲಿ ಎತ್ತಿದ ಲಿಫ್ಟು ಎಣ್ಣೆ ಕಾದ ಮೇಲೆ ಎತ್ತದಿದ್ದರೆ, ಆಗ ಹೊಸದೇ ಬೇಕು. ಎತ್ತಿದ ರಂಟೆ ಇಂಜಿನ್ ಬಂದ್ ಮಾಡಿದ ಕೂಡಲೇ ಸರ್ರನೆ ಇಳಿದರೆ ಅದು ಪಂಪಿನ ದೋಷವೇ ಅಲ್ಲ. ಲಿಫ್ಟ್ ಸಿಲಿಂಡರಿನದೋ, ವಾಲ್ವಿನದೋ ಇರತದ.

ಒಂದು ಮಾತು ಮರೆಯೋ ಹಂಗಿಲ್ಲ. ಕಾರಿನ ಟಾಯರಿನಲ್ಲಿ ಗಾಳಿ ಎರಡು ಕಿಲೋ ಚಿಲ್ಲರೆ. ಈ ಪೈಪಿನಲ್ಲಿ ಭಾರ ಎತ್ತುವಾಗ ಸುಮಾರು 150 ಕಿಲೋ ಒತ್ತಡ. ಸೂಜಿ ತೂತಿನಿಂದ ಚಿಮ್ಮೋ ಎಣ್ಣೆ ಚರ್ಮ ತೂರಿ ಮಾಂಸಕ್ಕೆ ಇಳೀತದ. ಹೊರಗೆ ಚುಕ್ಕೆ ಅಷ್ಟೇ ಕಾಣತದ, ಒಳಗೆ ಕೊಳೀತದ, ಬೆರಳೇ ಹೋಗಬಹುದು. ಸೋರೋ ಜಾಗ ಹುಡುಕಲಿಕ್ಕೆ ಕೈ ಹಚ್ಚದೆ ರಟ್ಟು ಹಿಡೀರಿ. ಚುಚ್ಚಿದ್ದರೆ ನೋವಿಲ್ಲ ಅಂತ ಕೂಡಬ್ಯಾಡ್ರಿ, ಅವತ್ತೇ ದೊಡ್ಡ ದವಾಖಾನೆ. ಎತ್ತಿದ ರಂಟೆಯ ಕೆಳಗೆ ಮೊಳೆ ಹಾಕದೆ ತಲೆ ಹಾಕೋದು ಬೇಡವೇ ಬೇಡ.

ಇಷ್ಟು ತಿಳುವಳಿಕೆ ನಮ್ಮಿಂದ ದೂರ ಇದೆಯೇ? ಬೆಳಗಾವಿಯಿಂದ ಖಾನಾಪುರಕ್ಕೆ 25-30 ಕಿಲೋಮೀಟರ್. ಆ ರಸ್ತೆಯಲ್ಲೇ ಉದ್ಯಮಬಾಗ, ಫೌಂಡ್ರಿ, ಲೇಥುಗಳ ಊರು. ಅಲ್ಲೇ 1979ರಿಂದ ಗೋಗಟೆ ಇಂಜಿನಿಯರಿಂಗ್ ಕಾಲೇಜು. ಮುಂದೆ ಮಚ್ಛೆಯಲ್ಲಿ 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅದೇ ಮಚ್ಛೆಯಲ್ಲಿ 1981ರಲ್ಲಿ ಹುಟ್ಟಿದ ಪಾಲಿಹೈಡ್ರಾನ್, ಹೈಡ್ರಾಲಿಕ್ ಪಂಪು, ವಾಲ್ವುಗಳನ್ನೇ ಮಾಡೋ ಕಾರಖಾನೆ. ಕಾರಖಾನೆಯ ಯಂತ್ರಗಳಿಗೆ ಪಂಪ್ ಕೊಡೋ ಊರು ನಮ್ಮದು. ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಬಂದರೆ ಸೀಲಿನ ಅಂಕಿ ಓದಿಸೋರಿಲ್ಲ. ರೈತರಿಗೆ ಟ್ರ್ಯಾಕ್ಟರ್ ದುರಸ್ತಿ ಕಲಿಸೋ ಕೇಂದ್ರ ಸರ್ಕಾರದ ಸಂಸ್ಥೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ, ಉಳುಮೆ ಬಿಟ್ಟು ಅಷ್ಟು ದೂರ ಹೋಗೋರು ಯಾರು? ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರೂ ಈ ಕಾಲೇಜಿನವರೂ ಕೂಡಿ ಮೇ ತಿಂಗಳಲ್ಲಿ ಹಳ್ಳಿ ಮಿಸ್ತ್ರಿಗಳಿಗೆ ಎರಡು ದಿನ ಕೈಗೆ ಪಾನಾ ಕೊಟ್ಟು ಕಲಿಸಿದರೆ ಸಾಕು. ಭಾಷಣ ಬೇಡ. ಕಲಿಸೋರು ಕನ್ನಡ, ಮರಾಠಿ ಎರಡೂ ಬಲ್ಲವರಿದ್ದರೆ ಚಲೋ.

ಇನ್ನು ಉಳಿದ ಅರ್ಧ. ಮಿಸ್ತ್ರಿ ಪಂಪ್ ಬದಲಿಸು ಅಂತಾನಲ್ಲ, ಯಾಕೆ? ಅರ್ಧ ದಿನ ಕೂತು ಬಿಚ್ಚಿ, ತೊಳೆದು, ನೋಡಿ, ನೂರಿನ್ನೂರರ ಸೀಲ್ ಹಾಕಿದರೆ ನಮ್ಮ ಜನ 'ಒಂದು ರಬ್ಬರ್ ಹಾಕಿದ್ದಕ್ಕೆ ಇಷ್ಟು ಮಜೂರಿಯಾ?' ಅಂತ ಜಗಳಕ್ಕೆ ನಿಲ್ಲತಾರೆ. ಅದೇ ಡಬ್ಬಿಯಲ್ಲಿ ಹೊಸ ಪಂಪ್ ಬಂದರೆ ಸಾವಿರಗಟ್ಟಲೆ ಎಣಿಸಿ ಕೊಡತಾರೆ, ಮಾತಿಲ್ಲ. ಮೇಲೆ ಸೀಲ್ ಹಾಕಿದ್ದು ಮತ್ತೆ ಸೋರಿದರೆ ಬೈಗಳ ಮಿಸ್ತ್ರಿಗೆ, ಹೊಸ ಪಂಪ್ ಸೋರಿದರೆ ಬೈಗಳ ಕಂಪನಿಗೆ. ಹಿಂಗಿದ್ದ ಮೇಲೆ ಅವನು ಬಿಚ್ಚಿ ಯಾಕೆ ನೋಡಬೇಕು? ಅಂಗಡಿಯವನು ಕೊಡೋ ಕಮಿಷನ್ನಿನಲ್ಲೇ ಅವನ ಕೂಲಿ ಹುಟ್ಟಬೇಕು ಅಂತ ನಾವೇ ವ್ಯವಸ್ಥೆ ಮಾಡಿಟ್ಟಿದ್ದೇವೆ. ಡಾಕ್ಟರು ನಾಡಿ ನೋಡಿದ್ದಕ್ಕೆ ಫೀ ಕೊಡತೀವಲ್ಲ, ಗುಳಿಗೆ ಬರೆಯದಿದ್ದರೂ.

ನಮ್ಮ ಓಣಿಯ ಐದು ಜನ ಈ ಬಾರಿ ಮಿಸ್ತ್ರಿಯ ಜೊತೆ ಮೊದಲೇ ಕೂತು ಮಾತಾಡಿದೆವು. ಬಿಚ್ಚಿ ನೋಡಿ ಹೇಳೋದಕ್ಕೆ ಬೇರೆ ಮಜೂರಿ, ದುರಸ್ತಿ ಆಗಲಿ ಬಿಡಲಿ. ಹೊಸ ಸಾಮಾನು ಹಾಕಿದರೆ ಹಳೆಯದು ನಮ್ಮ ಕೈಗೆ ವಾಪಸ್. ಸೀಲಿನ ಅಂಕಿ ಚೀಟಿಯಲ್ಲಿ ಬರೆದು ಕೊಡಬೇಕು. ಗಾಡಿ ಮಿರಗಕ್ಕೆ ಮುಂಚೆ, ಏಪ್ರಿಲ್‌ನಲ್ಲೇ ಅವನ ಅಂಗಳಕ್ಕೆ ಹೋಗಬೇಕು. ಅವನು ಕೇಳಿದ ಮಜೂರಿಗೆ ಒಬ್ಬರೂ ಚೌಕಾಸಿ ಮಾಡಲಿಲ್ಲ.